ಎರಡು ಅಡ್ಡಗೆರೆ ಒಂದಾದಾಗ

ಹಲವು ವರ್ಷಗಳ ಹಿಂದಿನ ಮಾತು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನದಾಗಿತ್ತು. ಪ್ರೋಗ್ರಾಮ್ ಬರೆಯುವವರು ಬೇರೆ, ಅವರು ಪಕ್ಕದಲ್ಲಿಟ್ಟುಕೊಂಡು ನೋಡುವ ಪುಸ್ತಕ ಸಿದ್ಧಪಡಿಸುವವನು ನಾನು. ತಂಡ ಬಳಸುತ್ತಿದ್ದ ಭಾಷೆ ಏಡಾ. ನಮ್ಮೂರಿನಲ್ಲಿ ಆ ಹೆಸರು ಹೇಳಿದರೆ ತೇಜಸ್ ವಿಮಾನ ರೂಪಿಸಿದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯೇ ಹಲವರ ನೆನಪಿಗೆ ಬರುತ್ತದೆ. ಅದರ ಮೊದಲಕ್ಷರಗಳೂ ಇವೇ ಮೂರು. ನಾನು ಹೇಳುತ್ತಿರುವುದು ಕಂಪ್ಯೂಟರ್ ಭಾಷೆಯ ಬಗ್ಗೆ. ವಿಮಾನ, ರೈಲು, ರಾಕೆಟ್‌ಗಳಂಥ ಕಡೆ, ತಪ್ಪಾದರೆ ಪ್ರಾಣಕ್ಕೇ ಬರುವ ಕಡೆ ಬಳಸುವ ಭಾಷೆ ಅದು.

ಒಂದು ಸಂಜೆ ಹೊಸದಾಗಿ ಸೇರಿದ್ದ ಹುಡುಗನೊಬ್ಬ ನನ್ನ ಮೇಜಿನ ಹತ್ತಿರ ಬಂದು ನಿಂತ. “ಸರ್, ಎರಡು ದಿನದಿಂದ ಬಿಲ್ಡ್ ಆಗ್ತಾ ಇಲ್ಲ. ನಿಮ್ಮ ಪುಸ್ತಕದಲ್ಲಿ ಇದ್ದ ಹಾಗೇ ಹಾಕಿದೀನಿ” ಎಂದ. ಹೋಗಿ ನೋಡಿದೆ. ರನ್‌ಟೈಮ್ ಲೈಬ್ರರಿ ಯಾವುದೆಂದು ಕಂಪೈಲರ್‌ಗೆ ತಿಳಿಸುವ ಒಂದು ಆಯ್ಕೆ ಇದೆ: ಎರಡು ಅಡ್ಡಗೆರೆ ಹಾಕಿ, ಆಮೇಲೆ ‘ಆರ್‌ಟಿಎಸ್’ ಎಂಬ ಮೂರಕ್ಷರ, ಆಮೇಲೆ ಸಮಚಿಹ್ನೆ. ಹುಡುಗ ಅದನ್ನು ಪಿಡಿಎಫ್‌ನಿಂದ ನಕಲು ಮಾಡಿಕೊಂಡಿದ್ದ. ಕಂಪೈಲರ್ ಮಾತ್ರ ಅಂಥ ಫೈಲೇ ಇಲ್ಲ ಎಂದು ಹಟ ಹಿಡಿದಿತ್ತು. ಕಣ್ಣು ಕಿರಿದು ಮಾಡಿಕೊಂಡು ನೋಡಿದ ಮೇಲೆ ಗೊತ್ತಾಯಿತು. ಎರಡು ಚಿಕ್ಕ ಅಡ್ಡಗೆರೆಗಳು ಇರಬೇಕಾದ ಕಡೆ ಒಂದೇ ಒಂದು ಉದ್ದ ಗೆರೆ ಇತ್ತು. ಕಂಪೈಲರ್‌ನ ಲೆಕ್ಕದಲ್ಲಿ ಆಯ್ಕೆಗಳು ಚಿಕ್ಕ ಅಡ್ಡಗೆರೆಯಿಂದ ಶುರುವಾಗುತ್ತವೆ. ಮಿಕ್ಕಿದ್ದೆಲ್ಲ ಫೈಲಿನ ಹೆಸರು.

ತಪ್ಪು ನನ್ನದೇ. ಆ ಕೈಪಿಡಿಯನ್ನು ನಾವು ಟೆಕ್ಸಿನ್ಫೋ ಎಂಬ ವ್ಯವಸ್ಥೆಯಲ್ಲಿ ಬರೆಯುತ್ತಿದ್ದೆವು. ಅದರಲ್ಲಿ ಸಾಮಾನ್ಯ ವಾಕ್ಯದ ನಡುವೆ ಎರಡು ಅಡ್ಡಗೆರೆ ಬರೆದರೆ, ಇದು ಅಚ್ಚಿನ ಉದ್ದಗೆರೆ ಇರಬೇಕೆಂದು ಭಾವಿಸಿ ಅದು ಎರಡನ್ನೂ ಕೂಡಿಸಿಬಿಡುತ್ತದೆ. ‘ಇದು ಆಜ್ಞೆಯ ಆಯ್ಕೆ, ಇದ್ದಂತೆಯೇ ಬಿಡು’ ಎಂದು ಗುರುತು ಹಾಕಿದರೆ ಮಾತ್ರ ಮುಟ್ಟದೆ ಬಿಡುತ್ತದೆ. ಬೇರೆ ಅಧ್ಯಾಯಗಳಲ್ಲಿ ನಾನು ಗುರುತು ಹಾಕಿದ್ದೆ. ಆ ಒಂದು ಪುಟದಲ್ಲಿ ಮರೆತಿದ್ದೆ. ಇದೇ ಸಂಕೇತದಿಂದ ಏಡಾದಲ್ಲಿ ಟಿಪ್ಪಣಿಗಳೂ ಆರಂಭವಾಗುತ್ತವೆ ಎಂದರೆ ಈ ಮರೆವು ಎಲ್ಲೆಲ್ಲಿ ಕಚ್ಚಬಹುದು ಎಂಬುದನ್ನು ಊಹಿಸಿಕೊಳ್ಳಿ.

ಅಂದಿನಿಂದ ನನಗೆ ಈ ಗುರುತುಗಳ ಚರಿತ್ರೆಯ ಹುಚ್ಚು ಹಿಡಿಯಿತು.

ಮಾರ್ಕಪ್ ಎಂಬ ಮಾತು ಬಂದದ್ದು ಅಚ್ಚುಮನೆಯಿಂದ. ಹಸ್ತಪ್ರತಿಯ ಅಂಚಿನಲ್ಲಿ ‘ಇದು ದಪ್ಪಕ್ಷರ’, ‘ಇದು ಓರೆಯಕ್ಷರ’ ಎಂದು ಮೊಳೆ ಜೋಡಿಸುವವನಿಗೆ ಬರೆದುಕೊಡುತ್ತಿದ್ದ ಸೂಚನೆಗಳವು. ಕಂಪ್ಯೂಟರ್ ಬಂದಾಗಲೂ ಮೊದಮೊದಲು ಇಂಥ ಸೂಚನೆಗಳನ್ನೇ ಕೊಡುತ್ತಿದ್ದರು: ಇಷ್ಟು ಜಾಗ ಬಿಡು, ಇಲ್ಲಿ ಅಕ್ಷರ ಬದಲಿಸು. 1969ರಲ್ಲಿ ಐಬಿಎಂ ಕಂಪನಿಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ ಎಂಬ ಮೂವರು ಬೇರೆ ದಾರಿ ಹಿಡಿದರು. ಹೇಗೆ ಕಾಣಬೇಕು ಎಂಬುದನ್ನು ಬಿಟ್ಟು, ಇದು ಏನು ಎಂಬುದನ್ನು ಮಾತ್ರ ಗುರುತಿಸಿ ಎಂದರು. ಇದು ಶೀರ್ಷಿಕೆ, ಇದು ಪಟ್ಟಿ, ಇದು ಅಡಿಟಿಪ್ಪಣಿ ಎಂದಷ್ಟೇ ಹೇಳಿದರೆ ಸಾಕು, ರೂಪದ ಚಿಂತೆ ಯಂತ್ರಕ್ಕಿರಲಿ. ಮೂವರ ಹೆಸರಿನ ಮೊದಲಕ್ಷರಗಳಿಂದ ಅದು ಜಿಎಂಎಲ್ ಎನಿಸಿಕೊಂಡಿತು. ಇದರ ಮಗು 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಜಿಎಂಎಲ್. ಇಂದಿನ ವೆಬ್ ಪುಟಗಳ ಭಾಷೆ ಆ ವಂಶದ್ದೇ.

ಇನ್ನೊಂದು ಕವಲು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಡೆಯಿತು. ಬ್ರಯನ್ ರೀಡ್ ಅಲ್ಲಿ ಸ್ಕ್ರೈಬ್ ಎಂಬ ವ್ಯವಸ್ಥೆ ಕಟ್ಟಿ 1980ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು. ಸ್ಕ್ರೈಬ್‌ನಲ್ಲಿ ಪ್ರತಿ ಗುರುತಿನ ಮುಂದೆ @ ಚಿಹ್ನೆ. ಅದೇ ಚಿಹ್ನೆ ರಿಚರ್ಡ್ ಸ್ಟಾಲ್ಮನ್ 1980ರ ದಶಕದ ನಡುವೆ ರೂಪಿಸಿದ ಟೆಕ್ಸಿನ್ಫೋದಲ್ಲೂ ಬಂತು. ಒಂದೇ ಮೂಲ ಬರಹದಿಂದ ಅಚ್ಚಿನ ಪುಸ್ತಕವೂ ಆಗಬೇಕು, ಬರೀ ಅಕ್ಷರಗಳನ್ನು ತೋರಿಸುವ ಪರದೆಯ ಮೇಲೂ ಓದಲು ಬರಬೇಕು ಎಂಬುದು ಅದರ ಗುರಿ. ಹಾಗಾಗಿ ಅದರಲ್ಲಿ ಗುರುತುಗಳ ದೊಡ್ಡ ಸಂಸಾರವೇ ಇದೆ. ಪ್ರೋಗ್ರಾಮಿನ ತುಣುಕಿಗೆ ಒಂದು, ಫೈಲಿನ ಹೆಸರಿಗೆ ಒಂದು, ಆಜ್ಞೆಗೆ ಒಂದು, ಆಯ್ಕೆಗೆ ಒಂದು, ಕೀಲಿಮಣೆಯಲ್ಲಿ ಒತ್ತಬೇಕಾದ್ದಕ್ಕೆ ಒಂದು, ಓದುಗ ತನ್ನ ಬೆಲೆಯನ್ನು ತುಂಬಿಕೊಳ್ಳಬೇಕಾದ ಖಾಲಿ ಜಾಗಕ್ಕೆ ಒಂದು, ಬರೀ ಒತ್ತು ಕೊಡಲು ಇನ್ನೊಂದು.

ತೊಂದರೆ ಇರುವುದು ಇಲ್ಲೇ. ಇವುಗಳಲ್ಲಿ ಹಲವು ಅಚ್ಚಿನಲ್ಲಿ ಒಂದೇ ಥರ ಕಾಣುತ್ತವೆ. ಫೈಲಿನ ಹೆಸರಿಗೆ ತುಣುಕಿನ ಗುರುತು ಹಾಕಿದರೂ ಟೈಪ್‌ರೈಟರ್ ಅಕ್ಷರವೇ ಬರುತ್ತದೆ, ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಖಾಲಿ ಜಾಗದ ಗುರುತು ಹಾಕಬೇಕಾದ ಕಡೆ ಒತ್ತಿನ ಗುರುತು ಹಾಕಿ ನೋಡಿ. ಅಚ್ಚಿನಲ್ಲಿ ಎರಡೂ ಓರೆಯಕ್ಷರವಾಗಿ ಬಂದು ಸುಮ್ಮನಿರುತ್ತವೆ. ಪರದೆಯ ಮೇಲೆ ಮೊದಲನೆಯದು ದೊಡ್ಡಕ್ಷರಗಳಲ್ಲಿ ಬರುತ್ತದೆ, ಎರಡನೆಯದಕ್ಕೆ ಎರಡೂ ಬದಿ ಅಡಿಗೆರೆ ಅಂಟಿಕೊಳ್ಳುತ್ತದೆ. ಓದುಗ ಆ ಅಡಿಗೆರೆಯನ್ನೂ ಸೇರಿಸಿಯೇ ಟೈಪ್ ಮಾಡುತ್ತಾನೆ. ಅವನೇನು ಮಾಡಿಯಾನು, ಪುಸ್ತಕದಲ್ಲಿ ಹಾಗೇ ಇದೆಯಲ್ಲ!

ಏಡಾದ ವಿಷಯದಲ್ಲಿ ಈ ತಲೆನೋವು ಹೆಸರಿನ ಜೊತೆಗೇ ಬಂದಿದೆಯೇನೋ ಎಂದು ನನಗೆ ಆಗಾಗ ಅನ್ನಿಸಿದೆ. ಭಾಷೆಗೆ ಹೆಸರು ಕೊಟ್ಟ ಏಡಾ ಲವ್‌ಲೇಸ್ 1843ರಲ್ಲಿ, ಬ್ಯಾಬೇಜನ ಕಟ್ಟದೇ ಉಳಿದ ಯಂತ್ರದ ಬಗ್ಗೆ ಇಟಲಿಯ ಮೆನಾಬ್ರಿಯಾ ಬರೆದಿದ್ದ ಫ್ರೆಂಚ್ ಲೇಖನವನ್ನು ಇಂಗ್ಲಿಷಿಗೆ ತಂದು, ಅದಕ್ಕೆ ಏಳು ಟಿಪ್ಪಣಿಗಳನ್ನು ಸೇರಿಸಿದಳು. ಟಿಪ್ಪಣಿಗಳು ಮೂಲ ಲೇಖನಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬೆಳೆದವು. ಕೊನೆಯ ಟಿಪ್ಪಣಿಯಲ್ಲಿ ಬರ್ನೂಲಿ ಸಂಖ್ಯೆಗಳನ್ನು ಯಂತ್ರ ಹೇಗೆ ಲೆಕ್ಕ ಹಾಕಬಹುದು ಎಂಬ ದೊಡ್ಡ ಕೋಷ್ಟಕವಿದೆ. ಜಗತ್ತಿನ ಮೊದಲ ಪ್ರೋಗ್ರಾಮ್ ಎಂದು ಹಲವರು ಕರೆಯುವುದು ಇದನ್ನೇ.

ಆ ಕೋಷ್ಟಕದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗುರುತುಗಳ ಶಿಸ್ತು. ಪ್ರತಿ ಚರಾಕ್ಷರದ ಬಲಗಡೆ ಕೆಳಗೆ ಅದು ಯಂತ್ರದ ಎಷ್ಟನೆಯ ಸ್ತಂಭ ಎಂಬ ಅಂಕಿ. ಎಡಗಡೆ ಮೇಲೆ ಆ ಸ್ತಂಭದ ಬೆಲೆ ಎಷ್ಟನೆಯ ಸಲ ಬದಲಾಗಿದೆ ಎಂಬ ಇನ್ನೊಂದು ಅಂಕಿ. ಅದೇ ಸ್ತಂಭ, ಆದರೆ ಮೊದಲಿನ ಬೆಲೆಯೋ ಹೊಸ ಬೆಲೆಯೋ ಎಂಬುದನ್ನು ಈ ಪುಟ್ಟ ಅಂಕಿಯೇ ಹೇಳಬೇಕು. ಬ್ಯಾಬೇಜ್ ತನ್ನ ಟಿಪ್ಪಣಿಯೊಂದನ್ನು ತಿದ್ದಿದಾಗ, ನನ್ನ ವಾಕ್ಯಗಳಿಗೆ ಬೇರೆಯವರು ಕೈ ಹಾಕುವುದನ್ನು ಸಹಿಸಲಾರೆ ಎಂಬ ಅರ್ಥದ ಖಾರವಾದ ಪತ್ರವನ್ನು ಏಡಾ ಬರೆದಿದ್ದಳು. ಇಷ್ಟು ಜತನ ಮಾಡಿದರೂ ಅಚ್ಚಾದ ಕೋಷ್ಟಕದಲ್ಲಿ ಒಂದು ತಪ್ಪು ಉಳಿದಿದೆ. ನಾಲ್ಕನೆಯ ಸಾಲಿನ ಭಾಗಾಕಾರದಲ್ಲಿ ನಾಲ್ಕನೆಯ ಸ್ತಂಭವನ್ನು ಐದನೆಯದರಿಂದ ಭಾಗಿಸಬೇಕಾದ ಕಡೆ, ಐದನೆಯದನ್ನು ನಾಲ್ಕನೆಯದರಿಂದ ಎಂದು ತಿರುವುಮುರುವಾಗಿದೆ. ಅದೇ ಸಾಲಿನ ಕೊನೆಯಲ್ಲಿರುವ ಫಲಿತಾಂಶದ ಸೂತ್ರ ಮಾತ್ರ ಸರಿಯಾಗಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರಿಗೆ ತಪ್ಪು ಸಿಕ್ಕಿಬೀಳುತ್ತದೆ.

ಅಮೆರಿಕದ ರಕ್ಷಣಾ ಇಲಾಖೆ 1970ರ ದಶಕದಲ್ಲಿ ತನ್ನ ಹತ್ತೆಂಟು ಕಂಪ್ಯೂಟರ್ ಭಾಷೆಗಳ ಗೊಂದಲದಿಂದ ಬೇಸತ್ತು ಒಂದು ಸಾಮಾನ್ಯ ಭಾಷೆಗೆ ಹೊರಟಿತು. ಬೇಕಾದ ಗುಣಗಳ ಪಟ್ಟಿಗಳಿಗೆ ಇಟ್ಟ ಹೆಸರುಗಳೇ ಸ್ವಾರಸ್ಯ: ಹುಲ್ಲಿನ ಮನುಷ್ಯ, ಮರದ ಮನುಷ್ಯ, ತಗಡಿನ ಮನುಷ್ಯ, ಕಬ್ಬಿಣದ ಮನುಷ್ಯ, ಕೊನೆಗೆ 1978ರಲ್ಲಿ ಉಕ್ಕಿನ ಮನುಷ್ಯ. ಸ್ಪರ್ಧೆಯಲ್ಲಿದ್ದ ನಾಲ್ಕು ತಂಡಗಳಿಗೆ ಬಣ್ಣಗಳ ಹೆಸರು. ಜಾನ್ ಇಶ್ಬಿಯಾ ಅವರ ಮುಂದಾಳತ್ವದ ಹಸಿರು ತಂಡ 1979ರಲ್ಲಿ ಗೆದ್ದಿತು. ಮಾನಕಕ್ಕೆ ಕೊಟ್ಟ ಸಂಖ್ಯೆ 1815, ಏಡಾ ಹುಟ್ಟಿದ ವರ್ಷ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1980ರ ಡಿಸೆಂಬರ್ 10ರಂದು, ಅವಳ ಹುಟ್ಟಿದ ದಿನ.

ಈ ಭಾಷೆಯ ಪ್ರಮಾಣಗ್ರಂಥವನ್ನು ನಾನು ಮೊದಲ ಸಲ ತೆರೆದಾಗ ನನಗೆ ನೆನಪಾದದ್ದು ಕೇಶಿರಾಜ. ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂದು ಮೂರು ಪದರಗಳು. ಯಾವುದು ನಿಯಮ, ಯಾವುದು ವಿವರಣೆ, ಯಾವುದು ಉದಾಹರಣೆ ಎಂಬಲ್ಲಿ ಗೊಂದಲವಿಲ್ಲ. ಏಡಾದ ಗ್ರಂಥದಲ್ಲೂ ಹೀಗೇ. ವ್ಯಾಕರಣ ಒಂದು ತಲೆಬರಹದ ಕೆಳಗೆ, ಪಾಲಿಸಲೇಬೇಕಾದ ನಿಯಮ ಇನ್ನೊಂದರ ಕೆಳಗೆ, ಓಡುವಾಗ ಏನಾಗುತ್ತದೆ ಎಂಬುದು ಮತ್ತೊಂದರ ಕೆಳಗೆ. ಟಿಪ್ಪಣಿಗಳಿಗೂ ಉದಾಹರಣೆಗಳಿಗೂ ನಿಯಮದ ಬಲವಿಲ್ಲ. ಪಾರಿಭಾಷಿಕ ಪದವನ್ನು ಎಲ್ಲಿ ವ್ಯಾಖ್ಯಾನಿಸುತ್ತಾರೋ ಅಲ್ಲಿ ಅದು ಓರೆಯಕ್ಷರದಲ್ಲಿರುತ್ತದೆ. ಭಾಷೆ ತನಗೆಂದೇ ಕಾದಿರಿಸಿಕೊಂಡ ಪದಗಳು ದಪ್ಪಕ್ಷರದಲ್ಲಿ. ವ್ಯಾಕರಣದ ಹೆಸರೊಂದರ ಮುಂಭಾಗ ಓರೆಯಾಗಿದ್ದರೆ ಅದು ಅರ್ಥ ಹೊಳೆಯಲೆಂದು ಸೇರಿಸಿದ ಭಾಗ, ವ್ಯಾಕರಣದ ದೃಷ್ಟಿಯಲ್ಲಿ ಅದಿಲ್ಲವೆಂದೇ ತಿಳಿಯಬೇಕು ಎಂದು ಗ್ರಂಥ ಮೊದಲೇ ಹೇಳಿಬಿಡುತ್ತದೆ. ಅಕ್ಷರ ಓರೆಯೋ ನೇರವೋ ಎಂಬುದಕ್ಕೂ ಅಲ್ಲಿ ಕಾನೂನಿದೆ.

ಗ್ರಂಥದ ರೂಪ ಓದುಗರ ಕೈಬರಹವನ್ನೂ ತಿದ್ದಿತು. ಏಡಾದಲ್ಲಿ ಹೆಸರುಗಳನ್ನು ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಒಂದೇ. ಆದರೆ 1983ರ ಗ್ರಂಥ ಹೆಸರುಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಅಚ್ಚುಮಾಡಿತ್ತು, 1995ರ ಗ್ರಂಥ ಪ್ರತಿ ಪದದ ಮೊದಲಕ್ಷರವನ್ನು ಮಾತ್ರ ದೊಡ್ಡದಾಗಿಸಿತು. ಹಳೆಯ ಪ್ರೋಗ್ರಾಮುಗಳನ್ನೂ ಹೊಸವನ್ನೂ ಪಕ್ಕದಲ್ಲಿಟ್ಟರೆ ಬರೆದವರು ಯಾವ ಪುಸ್ತಕ ನೋಡಿ ಕಲಿತವರೆಂದು ಹೇಳಿಬಿಡಬಹುದು. 1995ರ ಆ ಗ್ರಂಥದ ಮೂಲಬರಹ ಇದ್ದದ್ದು ಸ್ಕ್ರೈಬ್ ಗುರುತುಗಳಲ್ಲೇ. ಮುಂದೆ ಅದನ್ನು ಪರಿಷ್ಕರಿಸುವಾಗ ಸ್ಕ್ರೈಬ್ ಬಳಕೆಯಿಂದ ಮರೆಯಾಗಿತ್ತು. ಅದೇ ಬಗೆಯ ಗುರುತುಗಳನ್ನು ಓದುವ ಹೊಸ ಸಲಕರಣೆಯನ್ನು ಏಡಾದಲ್ಲೇ ಬರೆದು ಕೆಲಸ ಮುಂದುವರಿಸಿದರು. ಗುರುತುಗಳು ಒಂದೇ ಕ್ರಮದಲ್ಲಿದ್ದುದರಿಂದ ಇದು ಸಾಧ್ಯವಾಯಿತು ಎಂದು ನನ್ನ ಎಣಿಕೆ.

ಈ ಗ್ರಂಥ ಕಂಪೈಲರ್ ಮಾಡುವವರಿಗೂ ಒಂದು ಹೊರೆ ಹೊರಿಸುತ್ತದೆ. ಭಾಷೆ ಯಾವ ಯಾವ ವಿಷಯವನ್ನು ಕಂಪೈಲರ್‌ನ ವಿವೇಚನೆಗೆ ಬಿಟ್ಟಿದೆಯೋ ಅಲ್ಲೆಲ್ಲ ತಾನು ಏನು ಮಾಡಿದ್ದೇನೆಂದು ಅದು ಬರೆದು ತಿಳಿಸಬೇಕು. ಏಡಾ ಲೋಕದಲ್ಲಿ ಕೈಪಿಡಿ ಮಾನಕದ ಒಂದು ಅಂಗ.

ಗ್ನ್ಯಾಟ್ ಎಂಬ ಕಂಪೈಲರ್ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ವಾಯುಪಡೆಯ ಹಣದಿಂದ, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡ್ಯೂವರ್, ಎಡ್ಮಂಡ್ ಶೋನ್‌ಬರ್ಗ್ ಮತ್ತು ಸಂಗಡಿಗರು 1992ರಲ್ಲಿ ಕೆಲಸ ಶುರುಮಾಡಿದರು. 1994ರಲ್ಲಿ ಅವರದೇ ಕಂಪನಿಯಾಯಿತು. 2001ರಲ್ಲಿ ಗ್ನ್ಯಾಟ್ ಜಿಸಿಸಿ ಎಂಬ ಮುಕ್ತ ಕಂಪೈಲರ್ ಕುಟುಂಬದ ಮೂಲಕೋಶಕ್ಕೆ ಸೇರಿತು. ಅದರ ಬಳಕೆದಾರರ ಕೈಪಿಡಿ ಟೆಕ್ಸಿನ್ಫೋದಲ್ಲಿತ್ತು.

ಆ ಕೈಪಿಡಿಗೆ ಬಂದ ಕಷ್ಟ ವಿಚಿತ್ರವಾದದ್ದು. ಯೂನಿಕ್ಸ್ ಬಗೆಯ ಯಂತ್ರಗಳಲ್ಲಿ ಆಯ್ಕೆಗಳು ಅಡ್ಡಗೆರೆಯಿಂದ ಶುರುವಾದರೆ, ವಿಎಂಎಸ್ ಎಂಬ ವ್ಯವಸ್ಥೆಯಲ್ಲಿ ಓರೆಗೆರೆಯಿಂದ ಶುರುವಾಗುತ್ತವೆ, ಹೆಸರುಗಳೂ ಬೇರೆ. ಎರಡು ಪುಸ್ತಕ ಬರೆಯುವ ಬದಲು ಒಂದೇ ಮೂಲದಲ್ಲಿ ಎರಡನ್ನೂ ಇಟ್ಟರು. ಬೇರೆಯಾಗುವ ಮಾತನ್ನು ^ ಚಿಹ್ನೆಗಳ ನಡುವೆ ಜೋಡಿಯಾಗಿ ಬರೆದು, ಜೊತೆಗೆ ಸಮಾನಪದಗಳ ಒಂದು ಪಟ್ಟಿ ಇಟ್ಟು, ಏಡಾದಲ್ಲೇ ಬರೆದ ಪುಟ್ಟ ಪ್ರೋಗ್ರಾಮಿನಿಂದ ಎರಡು ಕೈಪಿಡಿಗಳನ್ನು ಹೊರತೆಗೆಯುತ್ತಿದ್ದರು. ಟೆಕ್ಸಿನ್ಫೋದ ಗುರುತುಗಳ ಮೇಲೆ ಇನ್ನೊಂದು ಪದರ ಗುರುತು! ಇದೆಲ್ಲವನ್ನೂ ಹಲವು ಕೈಗಳು, ಹಲವು ವರ್ಷ ಬರೆದಿವೆ. ಅಂಥ ಮೂಲಬರಹದಲ್ಲಿ ಒಂದೇ ಆಯ್ಕೆ ಒಂದು ಕಡೆ ತುಣುಕಿನ ಗುರುತಿನಲ್ಲಿ, ಇನ್ನೊಂದು ಕಡೆ ಆಯ್ಕೆಯ ಗುರುತಿನಲ್ಲಿ, ಮತ್ತೊಂದು ಕಡೆ ಬೋಳು ಬೋಳಾಗಿ ಬಂದರೆ ಯಾರನ್ನು ದೂರುವುದು? ಗುರುತುಗಳೇ ಒಂದೊಂದಾಗಿ ಬಂದವು; ಆಜ್ಞೆಗೂ ಆಯ್ಕೆಗೂ ಪ್ರತ್ಯೇಕ ಗುರುತು ಟೆಕ್ಸಿನ್ಫೋಗೆ ತಡವಾಗಿ ಸೇರಿದ್ದು. ಹಳೆಯ ಅಧ್ಯಾಯ ಬರೆದವರ ಕೈಯಲ್ಲಿ ಅವು ಇರಲೇ ಇಲ್ಲ.

2015ರ ಸುಮಾರಿಗೆ ವಿಎಂಎಸ್‌ನ ಹೊರೆ ಕಳಚಿತು, ಕೈಪಿಡಿ ಸ್ಫಿಂಕ್ಸ್ ಎಂಬ ವ್ಯವಸ್ಥೆಗೆ ಬಂತು. ಅಲ್ಲಿ ಇನ್ನೊಂದು ಥರದ ಬಲೆ. ಒಂದು ಮಾತನ್ನು ಎರಡೆರಡು ಓರೆಚುಕ್ಕೆಗಳ ನಡುವೆ ಇಟ್ಟರೆ ಅದು ಪ್ರೋಗ್ರಾಮಿನ ಮಾತು, ಇದ್ದಂತೆ ಉಳಿಯುತ್ತದೆ. ಒಂದೊಂದೇ ಇಟ್ಟರೆ ಅರ್ಥ ಬೇರೆ. ನಕ್ಷತ್ರದ ನಡುವೆ ಇಟ್ಟರೆ ಬರೀ ಓರೆಯಕ್ಷರ. ಕೈ ಸ್ವಲ್ಪ ಜಾರಿದರೆ ಸಾಕು, ನನ್ನ ಎರಡು ಅಡ್ಡಗೆರೆಗಳು ಇಲ್ಲಿಯೂ ಒಂದಾಗಿಬಿಡಬಹುದು.

ಹುಡುಗ ಬಂದುಹೋದ ಮೇಲೆ ನಾನು ನಮ್ಮ ಕೈಪಿಡಿಯನ್ನು ಮೊದಲಿನಿಂದ ಸರಿಮಾಡಲು ಕೂತೆ. ಹುಡುಕಿ ಬದಲಿಸುವ ಆಜ್ಞೆಯೊಂದನ್ನು ಓಡಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಮೊದಲ ಪುಟದಲ್ಲೇ ಗೊತ್ತಾಯಿತು, ಪ್ರತಿ ಗುರುತೂ ಒಂದು ತೀರ್ಮಾನ. ‘ಗ್ನ್ಯಾಟ್‌ಮೇಕ್’ ಎಂಬುದು ಟೈಪ್ ಮಾಡಬೇಕಾದ ಆಜ್ಞೆಯೋ, ನಾವು ಮಾತಾಡುತ್ತಿರುವ ಸಲಕರಣೆಯ ಹೆಸರೋ? ‘ಸಿಸ್ಟಮ್’ ಎಂದಾಗ ಅದು ಏಡಾದ ಪ್ಯಾಕೇಜಿನ ಹೆಸರೋ, ಬರೀ ವ್ಯವಸ್ಥೆ ಎಂಬ ಮಾತೋ? ವಾಕ್ಯದ ಅರ್ಥ ಹಿಡಿಯದೆ ಗುರುತು ಹಾಕಲು ಬರುವುದಿಲ್ಲ. ಕೆಲವು ಕಡೆ ಗುರುತು ಯಾವುದೆಂದು ಯೋಚಿಸುತ್ತಾ ಹೋದಾಗ ವಾಕ್ಯವೇ ಅಸ್ಪಷ್ಟವಾಗಿದೆ, ಬರೆದ ನನಗೇ ಆಗ ಗೊತ್ತಿರಲಿಲ್ಲ ಎಂಬುದು ಬಯಲಾಯಿತು.

ಆಗ ಮಾಡಿಕೊಂಡ ಕೆಲವು ಕಟ್ಟುಪಾಡುಗಳನ್ನು ಈಗಲೂ ಬಿಟ್ಟಿಲ್ಲ. ಯಾವುದಕ್ಕೆ ಯಾವ ಗುರುತು ಎಂಬ ಪಟ್ಟಿ ಮೊದಲು ಬರೆದು ಎಲ್ಲರಿಂದ ಒಪ್ಪಿಗೆ ಪಡೆಯುವುದು. ಒಂದು ಸಲಕ್ಕೆ ಒಂದೇ ಬಗೆಯ ಗುರುತನ್ನು ತಿದ್ದುವುದು. ಗುರುತು ತಿದ್ದುವಾಗ ಮಾತು ತಿದ್ದಬಾರದು, ಮಾತು ತಿದ್ದುವಾಗ ಗುರುತು ಮುಟ್ಟಬಾರದು. ಇಲ್ಲದಿದ್ದರೆ ಪರಿಶೀಲಿಸುವವರಿಗೆ ಕಾಳು ಯಾವುದು ಹೊಟ್ಟು ಯಾವುದು ತಿಳಿಯುವುದಿಲ್ಲ. ತಿದ್ದಿದ ಮೇಲೆ ಅಚ್ಚು, ಪರದೆ, ವೆಬ್ ಮೂರನ್ನೂ ತೆರೆದು ನೋಡುವುದು.

“ಇದೆಲ್ಲ ಬರೀ ಅಲಂಕಾರ ಮಾರಾಯ, ಹೊಸ ಅಧ್ಯಾಯ ಬರಿ” ಎಂದು ಹಿರಿಯ ಗೆಳೆಯರೊಬ್ಬರು ಹೇಳಿದರು. ನಾನು ಅವರಿಗೆ ಕೊಟ್ಟ ಉತ್ತರ ಏರಿಯಾನ್ 5.

1996ರ ಜೂನ್ 4ರಂದು ಯೂರೋಪಿನ ಆ ಹೊಸ ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಹೊರಟ 40 ಸೆಕೆಂಡಿನೊಳಗೆ ದಾರಿ ತಪ್ಪಿ ಸಿಡಿದುಹೋಯಿತು. ದಿಕ್ಕು ಹೇಳುವ ಉಪಕರಣದ ಪ್ರೋಗ್ರಾಮ್ ಏಡಾದ್ದು, ಏರಿಯಾನ್ 4ರಿಂದ ಎತ್ತಿಕೊಂಡದ್ದು. 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸದೆ ಉಕ್ಕಿತು. ಅಪಾಯವಿದ್ದ ಏಳು ಚರಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಕೊಟ್ಟಿದ್ದರು. ಉಳಿದ ಮೂರು ಆ ಮಿತಿ ದಾಟುವುದಿಲ್ಲ ಎಂದು ಲೆಕ್ಕ ಹಾಕಿ ಬಿಟ್ಟಿದ್ದರು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಲೆಕ್ಕ ಸರಿ. ಹೊಸದು ಬೇರೆ ದಾರಿಯಲ್ಲಿ ಏರಿತು. ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ಅಧ್ಯಕ್ಷತೆಯ ತನಿಖಾ ವರದಿಯ ಒಂದು ಮಾತು ನನಗೆ ಮರೆಯುವುದಿಲ್ಲ. ರಕ್ಷಣೆ ಬಿಟ್ಟದ್ದಕ್ಕೆ ಕಾರಣವೇನೆಂಬ ಸೂಚನೆ ಪ್ರೋಗ್ರಾಮಿನ ಒಳಗೆ ಇರಲಿಲ್ಲ. ರಾಶಿ ರಾಶಿ ದಾಖಲೆಗಳ ನಡುವೆ ಆ ಊಹೆ, ಯಾರೂ ಬೇಕೆಂದು ಬಚ್ಚಿಡದಿದ್ದರೂ, ಹೊರಗಿನಿಂದ ಪರಿಶೀಲಿಸುವವರ ಕಣ್ಣಿಗೆ ಮರೆಯಾಗಿತ್ತು ಎಂದು ಅದು ಹೇಳುತ್ತದೆ.

ಏರಿಯಾನ್ ಬಿದ್ದದ್ದು ಓರೆಯಕ್ಷರದ ತಪ್ಪಿನಿಂದ ಅಲ್ಲ. ಆದರೆ ಮುಂದೆ ಬರುವವರಿಗೆ ಕಾಣಬೇಕಾದದ್ದು ಕಾಣಲಿಲ್ಲ ಎಂಬಲ್ಲಿ ಅದೂ ನನ್ನ ಅಡ್ಡಗೆರೆಯೂ ಒಂದೇ ಜಾತಿಯವು. ಬರೆದವನಿಗೆ ಗೊತ್ತಿತ್ತು, ಓದುವವನಿಗೆ ದಾಟಲಿಲ್ಲ.

ಇದು ನಮಗೆ ಹೊಸದೇನೂ ಅಲ್ಲ. ಪಾಣಿನಿ ತನ್ನ ಧಾತು, ಪ್ರತ್ಯಯಗಳಿಗೆ ‘ಇತ್’ ಎಂಬ ಗುರುತಿನ ಅಕ್ಷರಗಳನ್ನು ಅಂಟಿಸಿದ. ಅವು ತಮ್ಮ ಕೆಲಸವನ್ನು ಹೇಳಿ ಸಿದ್ಧರೂಪದಲ್ಲಿ ಮಾಯವಾಗುತ್ತವೆ, ಥೇಟ್ ಮಾರ್ಕಪ್‌ನ ಹಾಗೆ. ಗುರುತಿನ ಸ್ವರಗಳನ್ನು ಮೂಗಿನಿಂದ ಉಚ್ಚರಿಸಬೇಕೆಂದು ನಿಯಮ. ಕಾಲಕ್ರಮದಲ್ಲಿ ಪಾಠದಿಂದ ಆ ಅನುನಾಸಿಕವೇ ಅಳಿಸಿಹೋಯಿತು. ಯಾವ ಸ್ವರ ಗುರುತು, ಯಾವುದು ಶಬ್ದದ ಭಾಗ ಎಂಬುದನ್ನು ಗುರುಪರಂಪರೆಯ ಮಾತಿನಿಂದಲೇ ತಿಳಿಯಬೇಕೆಂದು ವೈಯಾಕರಣರು ಒಪ್ಪಿಕೊಂಡರು. ಅವರಿಗೆ ಪರಂಪರೆಯಿತ್ತು, ಕೇಳಲು ಗುರುಗಳಿದ್ದರು. ರಾತ್ರಿ ಪಾಳಿಯಲ್ಲಿ ಒಬ್ಬನೇ ಕೂತು ಕೈಪಿಡಿ ತೆರೆದವನಿಗೆ ಯಾರಿದ್ದಾರೆ?

ನಮ್ಮ ಕೈಪಿಡಿಯನ್ನು ಸರಿಮಾಡಿ ಮುಗಿಸಲು ನನಗೆ ಒಂದು ಮಳೆಗಾಲವೇ ಹಿಡಿಯಿತು. ಹೊಸ ಪ್ರತಿ ಬಂದ ದಿನ ಆ ಹುಡುಗನಿಗೆ ತೋರಿಸಿದೆ. ಅವನು ಪುಟ ತಿರುವಿ, “ಏನ್ ಬದಲಾಗಿದೆ ಸರ್? ಮೊದಲಿನ ಹಾಗೇ ಇದೆಯಲ್ಲ” ಎಂದ. ಆಮೇಲೆ ಆ ಆಯ್ಕೆಯನ್ನು ಹುಡುಕಿ, ನಕಲು ಮಾಡಿ, ಪರದೆಯ ಮೇಲೆ ಅಂಟಿಸಿ ಎಂಟರ್ ಒತ್ತಿದ. ಬಿಲ್ಡ್ ಆಯಿತು. ಅವನು ಆಗಲೇ ಮುಂದಿನ ಕೆಲಸಕ್ಕೆ ತಿರುಗಿಕೊಂಡಿದ್ದ.